ಕೈಯಲ್ಲೇ ಕಿತ್ತು ತಿನ್ನುವ ಬೆಳ್ಳುಳ್ಳಿ ಬೆಣ್ಣೆ ಬ್ರೆಡ್: ಲಂಡನ್ ಅಡುಗೆಮನೆಗೆ ಹೊಂದುವ ವಿಧಾನ



ನಮ್ಮ ಹಬ್ಬದ ಕೂಟಗಳಿಗೆ ಪ್ರತಿ ಮನೆಯಿಂದ ಒಂದೊಂದು ತಿನಿಸು ಬರುವುದು ವಾಡಿಕೆ. ಚಿತ್ರಾನ್ನ, ಕೋಸಂಬರಿಗಳ ಜೊತೆ ಈ ಬ್ರೆಡ್ ಇಟ್ಟರೆ ಮಕ್ಕಳು ಮೊದಲು ಕೈ ಹಾಕುವುದು ಇದಕ್ಕೇ. ಅಯ್ಯಂಗಾರ್ ಬೇಕರಿಯ ಖಾರಾ ಬನ್ ತಿಂದು ಬೆಳೆದ ನಮಗೆ, ಮೊಟ್ಟೆಯಿಲ್ಲದೆಯೂ ಬನ್ ಮೆತ್ತಗೆ ಬರುತ್ತದೆ ಎಂಬುದು ಹೊಸ ವಿಷಯವೇನಲ್ಲ. ಆದರೆ ಊರಿನ ಮೈದಾ ಅಳತೆಯನ್ನು ಹಾಗೆಯೇ ಇಲ್ಲಿಗೆ ತಂದರೆ ಬ್ರೆಡ್ ಉಬ್ಬದೆ ಗಟ್ಟಿಯಾಗಬಹುದು. ಅದಕ್ಕೆ ಮುಖ್ಯವಾಗಿ ಎರಡು ಕಾರಣಗಳಿವೆ.

ಮೊದಲನೆಯದು ಹಿಟ್ಟು. ಹಿಟ್ಟಿನ ಪ್ರೋಟೀನ್ ನೀರಿನೊಡನೆ ಸೇರಿ ಗ್ಲುಟೆನ್ ಎಂಬ ಬಲೆಯಾಗುತ್ತದೆ. ಯೀಸ್ಟ್ ಬಿಡುವ ಗಾಳಿಯನ್ನು ಹಿಡಿದಿಡುವುದು ಈ ಬಲೆಯೇ. ಇಲ್ಲಿನ 'ಪ್ಲೇನ್' ಹಿಟ್ಟಿನಲ್ಲಿ ಪ್ರೋಟೀನ್ ಸುಮಾರು ಶೇ. 10, 'ಸ್ಟ್ರಾಂಗ್ ವೈಟ್ ಬ್ರೆಡ್' ಹಿಟ್ಟಿನಲ್ಲಿ ಶೇ. 12-13. ಬ್ರಿಟನ್ನಿನ ಗೋಧಿಯಲ್ಲಿ ಪ್ರೋಟೀನ್ ಕಡಿಮೆಯೇ. ಅಂಥ ಗೋಧಿಯಿಂದಲೂ ಬೇಗ ಬ್ರೆಡ್ ಮಾಡಲು, ಹಿಟ್ಟನ್ನು ಯಂತ್ರದಲ್ಲಿ ಅತಿ ವೇಗವಾಗಿ ನಾದುವ ವಿಧಾನವನ್ನು 1961ರಲ್ಲಿ ಕಂಡುಹಿಡಿದದ್ದು ಚೋರ್ಲಿವುಡ್‌ನಲ್ಲಿ; ನಮ್ಮ ಮೆಟ್ರೋಪಾಲಿಟನ್ ಲೈನ್ ರೈಲು ಹೋಗುವ ಅದೇ ಊರು. ಮನೆಯಲ್ಲಿ ಆ ಯಂತ್ರವಿಲ್ಲ, ಆದ್ದರಿಂದ ಸ್ಟ್ರಾಂಗ್ ಹಿಟ್ಟೇ ಬೇಕು.

ಎರಡನೆಯದು ಚಳಿ. ಅಡುಗೆಮನೆ 18 ಡಿಗ್ರಿ ಇದ್ದಾಗ ಯೀಸ್ಟ್ ನಿಧಾನ. ಬೆಂಗಳೂರಿನ ಬೇಸಿಗೆಯಲ್ಲಿ ಒಂದು ಗಂಟೆಯಲ್ಲಿ ಉಬ್ಬುವ ಹಿಟ್ಟು ಇಲ್ಲಿ ಎರಡು ಗಂಟೆ ಕೇಳಬಹುದು. ಗಡಿಯಾರ ನೋಡಬೇಡಿ, ಹಿಟ್ಟು ಎರಡರಷ್ಟಾಯಿತೇ ನೋಡಿ. ಆರಿಸಿದ ಓವನ್ನಿನಲ್ಲಿ ಒಂದು ಬಟ್ಟಲು ಬಿಸಿನೀರಿನ ಜೊತೆ ಇಟ್ಟರೆ ಬೇಗ ಉಬ್ಬುತ್ತದೆ.

ಬೇಕಾಗುವ ಸಾಮಗ್ರಿ:
ಸ್ಟ್ರಾಂಗ್ ಬ್ರೆಡ್ ಹಿಟ್ಟು - 500 ಗ್ರಾಂ
ಫಾಸ್ಟ್ ಆಕ್ಷನ್ ಯೀಸ್ಟ್ - 7 ಗ್ರಾಂ (ಒಂದು ಪೊಟ್ಟಣ)
ಸಕ್ಕರೆ - 1 ದೊಡ್ಡ ಚಮಚ
ಉಪ್ಪು - ಒಂದೂವರೆ ಟೀ ಚಮಚ
ಉಗುರುಬೆಚ್ಚಗಿನ ಹಾಲು, ನೀರು ಸೇರಿ - 320 ಮಿ.ಲೀ.
ಹಿಟ್ಟಿಗೆ ಬೆಣ್ಣೆ - 50 ಗ್ರಾಂ
ಹಚ್ಚಲು ಬೆಣ್ಣೆ - 100 ಗ್ರಾಂ
ಬೆಳ್ಳುಳ್ಳಿ - 6 ಎಸಳು
ಕೊತ್ತಂಬರಿ ಸೊಪ್ಪು - ಒಂದು ಹಿಡಿ
ಹಸಿಮೆಣಸಿನಕಾಯಿ - ಇಷ್ಟವಿದ್ದರೆ

ಮಾಡುವ ವಿಧಾನ:
1. ಹಿಟ್ಟು, ಯೀಸ್ಟ್, ಸಕ್ಕರೆ, ಉಪ್ಪು ಬೆರೆಸಿ, ಹಾಲು-ನೀರು ಹಾಕಿ ಕಲಸಿ. 50 ಗ್ರಾಂ ಬೆಣ್ಣೆ ಸೇರಿಸಿ ಹತ್ತು ನಿಮಿಷ ಚೆನ್ನಾಗಿ ನಾದಿ. ಅಂಟುತ್ತದೆಂದು ಒಣಹಿಟ್ಟು ಸುರಿಯಬೇಡಿ, ನಾದಿದಂತೆ ಸರಿಹೋಗುತ್ತದೆ.
2. ಮುಚ್ಚಿಟ್ಟು ಎರಡರಷ್ಟು ಉಬ್ಬಲು ಬಿಡಿ.
3. 24 ಉಂಡೆ ಮಾಡಿ. ಉಳಿದ ಬೆಣ್ಣೆ ಕರಗಿಸಿ, ಸ್ವಲ್ಪ ಆರಿದ ಮೇಲೆ ಜಜ್ಜಿದ ಬೆಳ್ಳುಳ್ಳಿ, ಸೊಪ್ಪು, ಹೆಚ್ಚಿದ ಮೆಣಸಿನಕಾಯಿ ಬೆರೆಸಿ. ಅರ್ಧ ಬೆಣ್ಣೆಯನ್ನು ಉಂಡೆಗಳಿಗೆಲ್ಲ ಸವರಿ 23 ಸೆಂ.ಮೀ. ಟಿನ್ನಿನಲ್ಲಿ ಒತ್ತಾಗಿ ಜೋಡಿಸಿ. ಈ ಜಿಡ್ಡಿನಿಂದಲೇ ಉಂಡೆಗಳು ಪೂರ್ತಿ ಒಂದಾಗದೆ ಕೈಗೆ ಸುಲಭವಾಗಿ ಬಿಡಿಸಿಕೊಳ್ಳುತ್ತವೆ.
4. ಇನ್ನೊಮ್ಮೆ ಉಬ್ಬಿದ ಮೇಲೆ, ಮೊದಲೇ ಕಾಯಿಸಿದ ಓವನ್ನಿನಲ್ಲಿ 180 ಡಿಗ್ರಿ ಫ್ಯಾನ್ (ಗ್ಯಾಸ್ ಮಾರ್ಕ್ 6) ಶಾಖಕ್ಕೆ 25-30 ನಿಮಿಷ ಬೇಯಿಸಿ. ಮೇಲೆ ಬೇಗ ಕೆಂಪಾದರೆ ಫಾಯಿಲ್ ಮುಚ್ಚಿ.
5. ಹೊರತೆಗೆದ ಕೂಡಲೇ ಉಳಿದ ಬೆಣ್ಣೆ ಸವರಿ. ಎಲ್ಲವನ್ನೂ ಮೊದಲೇ ಹಚ್ಚಿದರೆ ಮೇಲಿನ ಬೆಳ್ಳುಳ್ಳಿ ಸೀದು ಕಹಿಯಾಗುತ್ತದೆ.

ಮಿಕ್ಕ ಬೆಳ್ಳುಳ್ಳಿ ಬೆಣ್ಣೆಯನ್ನು ಹೊರಗಿಡಬೇಡಿ. ಜಿಡ್ಡಿನಲ್ಲಿ ಮುಳುಗಿ ಗಾಳಿ ತಾಗದ ಹಸಿ ಬೆಳ್ಳುಳ್ಳಿಯಲ್ಲಿ ಬಾಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ತರುವ ಬ್ಯಾಕ್ಟೀರಿಯಾ ಬೆಳೆಯಬಹುದು. ಫ್ರಿಜ್ಜಿನಲ್ಲಿಟ್ಟು ಎರಡು-ಮೂರು ದಿನದಲ್ಲಿ ಬಳಸಿ, ಇಲ್ಲವೇ ಫ್ರೀಜರಿನಲ್ಲಿಡಿ.

ಕೂಟಕ್ಕೆ ತರುವವರಲ್ಲಿ ಒಂದು ವಿನಂತಿ. ತಟ್ಟೆಯ ಪಕ್ಕ ಒಂದು ಚೀಟಿ ಇಡಿ: 'ಗೋಧಿ, ಹಾಲು, ಬೆಳ್ಳುಳ್ಳಿ ಇದೆ, ಮೊಟ್ಟೆ ಇಲ್ಲ.' ಈ ದೇಶದ ಕಾನೂನು ಪೊಟ್ಟಣದ ಮೇಲೆ ಎದ್ದುಕಾಣುವಂತೆ ನಮೂದಿಸಬೇಕೆನ್ನುವ 14 ಅಲರ್ಜಿ ಪದಾರ್ಥಗಳಲ್ಲಿ ಗ್ಲುಟೆನ್ ಇರುವ ಧಾನ್ಯ, ಹಾಲು, ಮೊಟ್ಟೆ ಇವೆ, ಬೆಳ್ಳುಳ್ಳಿ ಇಲ್ಲ. ಆದರೆ ನಮ್ಮಲ್ಲಿ ಬೆಳ್ಳುಳ್ಳಿ ಮುಟ್ಟದ ಹಿರಿಯರಿದ್ದಾರೆ, ವ್ರತದಲ್ಲಿ ಇರುವವರೂ ಇದ್ದಾರೆ. ಅವರು ಯಾರನ್ನೂ ಕೇಳದೆ ಸುಮ್ಮನೆ ತಟ್ಟೆ ಬಿಟ್ಟು ಮುಂದೆ ಹೋಗಬಾರದಲ್ಲವೇ? ಕಾಲು ಭಾಗ ಹಿಟ್ಟನ್ನು ಬೇರೆ ಟಿನ್ನಿನಲ್ಲಿಟ್ಟು, ಬೇರೆ ಬ್ರಷ್‌ನಿಂದ ಜೀರಿಗೆ, ಕಾಳುಮೆಣಸಿನ ಬೆಣ್ಣೆ ಸವರಿದರೆ ಅವರಿಗೂ ಆಯಿತು.

ಬಿಸಿಬಿಸಿ ಇರುವಾಗಲೇ ರುಚಿ. ಮಾಡಿ ನೋಡಿ, ಹೇಗೆ ಬಂತೆಂದು ಮುಂದಿನ ಕೂಟದಲ್ಲಿ ತಿಳಿಸಿ.