ಮೂಲ ಫೋಟೊ ಅಳಿಸಬೇಡಿ, ಮಕ್ಕಳೇ!

ಕಂಪ್ಯೂಟರ್ ಬರುವ ಮೊದಲು ನಮ್ಮ ಬ್ಯಾಂಕಿನ ಲೆಕ್ಕವೆಲ್ಲ ದಪ್ಪ ಲೆಡ್ಜರಿನಲ್ಲಿ ಇರುತ್ತಿತ್ತು. ಅಂಕಿ ತಪ್ಪಿದರೆ ರಬ್ಬರಿನಿಂದ ಅಳಿಸುವಂತಿಲ್ಲ, ಅದರ ಮೇಲೆಯೇ ತಿದ್ದಿ ಬರೆಯುವಂತಿಲ್ಲ. ತಪ್ಪಿನ ಮೇಲೆ ಒಂದು ಗೆರೆ ಎಳೆದು, ಸರಿಯಾದದ್ದನ್ನು ಪಕ್ಕದಲ್ಲಿ ಬರೆದು, ಸಹಿ ಹಾಕಬೇಕು. ಗೆರೆಯ ಕೆಳಗಿನ ಹಳೆಯ ಅಂಕಿ ಓದಲು ಬರಬೇಕು. ಗುಮಾಸ್ತನಾಗಿ ಎಷ್ಟೋ ಹೊಸ ಹುಡುಗರಿಗೆ ಈ ಪಾಠ ಹೇಳಿಕೊಟ್ಟವನು ನಾನು. ಆದರೆ ಫೋಟೊ ತಿದ್ದಲು ಕುಳಿತಾಗ ನಾನೇ ಅದನ್ನು ಮರೆತೆ.

ಫೋಟೊದ ಹುಚ್ಚು ನನಗೆ ಹಳೆಯದು. ಬಿ.ಕಾಂ. ಓದುವಾಗ ಗೆಳೆಯನ ಅಗ್ಫಾ ಕ್ಲಿಕ್ 3 ಕ್ಯಾಮೆರಾ ಕಡ ತಂದು ಜಮಖಂಡಿಯ ರಾಮತೀರ್ಥದ ಕಡೆ ಹೋಗುತ್ತಿದ್ದೆ. ಒಂದು ರೋಲಿಗೆ ಹನ್ನೆರಡೇ ಫೋಟೊ. ಹಾಗಾಗಿ ನೋಡಿ, ಬೆಳಕಿಗೆ ಕಾದು, ಆಮೇಲೆ ಗುಂಡಿ ಒತ್ತುತ್ತಿದ್ದೆ. ನಿವೃತ್ತಿಯಾದ ಮೇಲೆ ಮಗ ಸ್ಮಾರ್ಟ್‌ಫೋನ್ ಕೊಡಿಸಿದ. ಒಂದೇ ದಿನಕ್ಕೆ ಇನ್ನೂರು ಫೋಟೊ! ಒತ್ತುವುದು ಹೆಚ್ಚಾಯಿತು, ನೋಡುವುದು ಕಡಿಮೆಯಾಯಿತು.

ನನ್ನ ಅಕ್ಕ ಬನಹಟ್ಟಿಯಲ್ಲಿದ್ದಾಳೆ. ನೇಕಾರರ ಮನೆ. ಒಂದು ದೀಪಾವಳಿಗೆ ಹೋದಾಗ ಅಕ್ಕ, ಮಾವ ಇಬ್ಬರೂ ಕಟ್ಟೆಯ ಮೇಲೆ ಕುಳಿತಿದ್ದರು. ನಡುಮಧ್ಯಾಹ್ನದ ಬಿಸಿಲಿನಲ್ಲೇ ಒಂದು ಫೋಟೊ ತೆಗೆದೆ. ಮಾವನ ಮುಖದ ಮೇಲೆ ಅರ್ಧ ನೆರಳು ಬಿದ್ದಿತ್ತು. ಮನೆಗೆ ಬಂದು ಅವರನ್ನು ಕತ್ತರಿಸಿ, ಅಕ್ಕನೊಬ್ಬಳನ್ನೇ ಉಳಿಸಿಕೊಂಡೆ. ಮುಖ ನುಣುಪು ಮಾಡುವ ಗುಂಡಿಯನ್ನೂ ಒತ್ತಿದೆ. ಮೂಲದ ಮೇಲೆಯೇ ಸೇವ್ ಮಾಡಿದೆ.

ಮುಂದಿನ ಮಳೆಗಾಲದಲ್ಲಿ ಮಾವ ತೀರಿಕೊಂಡರು. ದಿನಕಾರ್ಯ ಮುಗಿದ ಮೇಲೆ ಅಕ್ಕ ಕೇಳಿದಳು, "ತಮ್ಮಾ, ದೀಪಾವಳಿಗೆ ತಗದಿದ್ದೆಲ್ಲಾ, ಆ ಫೋಟೊ ಕೊಡೋ." ಫೋನಿನಲ್ಲಿ ಇದ್ದದ್ದನ್ನು ತೋರಿಸಿದೆ. ಬಹಳ ಹೊತ್ತು ನೋಡಿದಳು. "ಈ ಮಾರಿ ಯಾರ್ದೋ? ನಂದಂತೂ ಅಲ್ಲ. ಅವರೆಲ್ಲಿ?"

ನನ್ನ ಬಳಿ ಉತ್ತರವಿರಲಿಲ್ಲ. ಚಿತ್ರದ ಅಂಚಿನಲ್ಲಿ ಮಾವನ ಮೊಳಕೈ ಒಂದಿಷ್ಟು ಉಳಿದಿತ್ತು, ಅಷ್ಟೆ. ಮೊಮ್ಮಗ ಫೋನೆಲ್ಲ ಹುಡುಕಿದ. "ಅಜ್ಜಾ, ಮೊದ್ಲು ಕಾಪಿ ಮಾಡ್ಕೋಬೇಕಿತ್ತು" ಎಂದ. ಹೈಸ್ಕೂಲಿನ ಹುಡುಗ ನನ್ನ ಲೆಡ್ಜರಿನ ನಿಯಮವನ್ನು ನನಗೇ ಹೇಳಿದ್ದ. ಅಂದಿನಿಂದ ಅವನೇ ನನ್ನ ಮೇಷ್ಟ್ರು. ನಾವಿಬ್ಬರೂ ಕಲಿತದ್ದು ಇಷ್ಟು.

ಬೆಳಕು ಮೊದಲು

ನೆತ್ತಿಯ ಮೇಲಿನ ಬಿಸಿಲಿನಲ್ಲಿ ಕಣ್ಣುಗಳು ಕಪ್ಪು ಗುಳಿಗಳಾಗುತ್ತವೆ. ಬೆಳಗ್ಗೆ ಅಥವಾ ಇಳಿಹೊತ್ತಿನಲ್ಲಿ ತೆಗೆಯಿರಿ. ಮಧ್ಯಾಹ್ನವೇ ತೆಗೆಯಬೇಕಾದರೆ ಬಾಗಿಲ ಅಥವಾ ಕಿಟಕಿಯ ಪಕ್ಕ ಕೂರಿಸಿ. ಪಕ್ಕದಿಂದ ಬರುವ ಬೆಳಕಿನಲ್ಲಿ ಮುಖದ ಗೆರೆ, ಸೀರೆಯ ನೇಯ್ಗೆ ಎರಡೂ ಕಾಣುತ್ತವೆ.

ಕ್ಯಾಮೆರಾಕ್ಕೆ ಬಿಳಿ ಯಾವುದು, ಕಪ್ಪು ಯಾವುದು ಗೊತ್ತಿಲ್ಲ. ಕಂಡದ್ದನ್ನೆಲ್ಲ ನಡುಬೂದಿ ಎಂದು ಲೆಕ್ಕ ಹಾಕುತ್ತದೆ. ಅದಕ್ಕೇ ಬಿಳಿ ನೂಲಿನ ರಾಶಿ ಮಾಸಲಾಗಿ ಕಾಣುತ್ತದೆ, ಕಪ್ಪು ನಾಯಿ ಬೂದಿಯಾಗುತ್ತದೆ. ಪರದೆಯ ಮೇಲೆ ಬೆರಳಿಟ್ಟರೆ ಬರುವ ಸೂರ್ಯನ ಗುರುತನ್ನು ಬಿಳಿಗೆ ಸ್ವಲ್ಪ ಮೇಲೆ, ಕಪ್ಪಿಗೆ ಸ್ವಲ್ಪ ಕೆಳಗೆ ಸರಿಸಿ.

ನಾಯಿ ಎಂದಾಗ ನೆನಪಾಯಿತು. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ನಮ್ಮ ಮುಧೋಳ ನಾಯಿಯನ್ನು ನಿಂತು ತೆಗೆದರೆ ಬೆನ್ನು ಮಾತ್ರ ಕಾಣುತ್ತದೆ. ನೆಲಕ್ಕೆ ಕುಳಿತು ಅದರ ಕಣ್ಣಿನ ಮಟ್ಟಕ್ಕೆ ಇಳಿಯಿರಿ. ಉದ್ದ ಕಾಲು, ಸಣ್ಣ ನಡು ಎಲ್ಲ ಆಗ ಕಾಣುತ್ತವೆ. ಸಣ್ಣ ಮಕ್ಕಳಿಗೂ ಇದೇ ಮಾತು.

ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರ ಕಪ್ಪುಬಿಳುಪು ಚಿತ್ರಗಳನ್ನು ಸಿಕ್ಕರೆ ನೋಡಿ. ಸಾಮಾನ್ಯ ಜನ, ಬೀದಿಯ ಮಕ್ಕಳು, ಅವರ ಮುಖ. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಆ ಚಿತ್ರಗಳಲ್ಲಿ ಯಾರ ಮುಖವನ್ನೂ ನುಣುಪು ಮಾಡಿಲ್ಲ.

ತಿದ್ದುವುದು ಆಮೇಲೆ

ಮೊದಲು ಪ್ರತಿ ಮಾಡಿಕೊಳ್ಳಿ. ಮೂಲ ಫೋಟೊಗಳು ಬೇರೆ ಫೋಲ್ಡರಿನಲ್ಲಿ ಇರಲಿ, ಇನ್ನೊಂದು ಪ್ರತಿ ಫೋನಿನ ಹೊರಗೆ ಪೆನ್‌ಡ್ರೈವಿನಲ್ಲೋ ಕಂಪ್ಯೂಟರಿನಲ್ಲೋ ಇರಲಿ. ಪುಕ್ಕಟೆ ಸಿಗುವ ಸ್ನ್ಯಾಪ್‌ಸೀಡ್‌ನಂಥ ಆ್ಯಪ್ ಸಾಕು. ಸೊಟ್ಟಗಿದ್ದರೆ ನೇರ ಮಾಡಿ. ಬೇಡದ ಅಂಚನ್ನು ಕತ್ತರಿಸಿ. ಆದರೆ ಮನುಷ್ಯರನ್ನು ಕತ್ತರಿಸುವ ಮೊದಲು ಎರಡು ಸಲ ಯೋಚಿಸಿ. ಆಮೇಲೆ ಬೆಳಕು, ನೆರಳು, ಕೊನೆಗೆ ಬಣ್ಣ. ಬಣ್ಣ ಸಾರಿಗೆ ಉಪ್ಪು ಇದ್ದ ಹಾಗೆ, ಚಿಟಿಕೆ ಸಾಕು. ಅಂದೇ ಯಾರಿಗೂ ಕಳಿಸಬೇಡಿ. ಮರುದಿನ ಬೆಳಗ್ಗೆ ಮೂಲದ ಪಕ್ಕ ಇಟ್ಟು ನೋಡಿ. ಅತಿಯಾಗಿದ್ದರೆ ಆಗ ಗೊತ್ತಾಗುತ್ತದೆ.

ಇಷ್ಟು ಕಲಿತ ಮೇಲೆ ಮತ್ತೆ ಬನಹಟ್ಟಿಗೆ ಹೋದೆ. ಬೆಳಗ್ಗೆ ಎಂಟಕ್ಕೆ ಅಕ್ಕ ಕಿಟಕಿಯ ಪಕ್ಕ ಕಂಡಿಕೆ ಸುತ್ತುತ್ತಿದ್ದಳು. ನನ್ನನ್ನು ಮರೆತು ಕೆಲಸದಲ್ಲಿ ಮುಳುಗುವವರೆಗೆ ಕಾದೆ. ಮೂರೇ ಫೋಟೊ ತೆಗೆದೆ. ನೆರಳನ್ನು ಒಂದಿಷ್ಟು ತಿಳಿ ಮಾಡಿದ್ದು ಬಿಟ್ಟರೆ ಏನೂ ತಿದ್ದಲಿಲ್ಲ. ಪ್ರಿಂಟ್ ಕೊಟ್ಟಾಗ ಸುಕ್ಕಿನ ಮೇಲೆ ಬೆರಳಾಡಿಸಿ, "ಹಾಂ, ಈಗ ನಾ ಅದೀನಿ ನೋಡು" ಎಂದಳು.

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳಿದಳು, "ಆ ಹಳೇದನ್ನೂ ಒಂದು ಮಾಡಿಸಿಕೊಡು. ಅದರಾಗ ಅವರ ಕೈ ಐತಿ."

ಈಗ ಎರಡೂ ಅವಳ ಗೋಡೆಯ ಮೇಲಿವೆ. ಮಕ್ಕಳೇ, ಇವತ್ತು ಸಂಜೆ ಅಪ್ಪ, ಅಮ್ಮನ ಫೋನು ಕೇಳಿ ತೆಗೆದುಕೊಳ್ಳಿ. ಅಜ್ಜ, ಅಜ್ಜಿಯ ಫೋಟೊಗಳಿದ್ದರೆ ತಿದ್ದುವ ಮೊದಲು ಒಂದು ಪ್ರತಿ ಬೇರೆ ಇಡಿ. ಹತ್ತು ನಿಮಿಷದ ಕೆಲಸ.