ಎಯ್ಬಾರ್: ಬಟ್ಟೆ ಒಣಗುವ ಬಾಲ್ಕನಿ, ಕೆಳಗೆ ಫುಟ್‌ಬಾಲ್

ಎಯ್ಬಾರ್‌ನಲ್ಲಿ ರೈಲಿಳಿದವರು ಮೊದಲು ಲಿಫ್ಟ್ ಹುಡುಕಬೇಕು. ಹೋಟೆಲಿನದಲ್ಲ, ಊರಿನದು. ಸ್ಪೇನಿನ ಬಾಸ್ಕ್ ಸೀಮೆಯ ಈ ಊರಿಗೆ ಸಮತಟ್ಟು ನೆಲವೇ ಸಿಕ್ಕಿಲ್ಲ. ಎಗೊ ಹೊಳೆಯ ಇಕ್ಕಟ್ಟು ಕಣಿವೆಯಲ್ಲಿ ಮನೆ, ವರ್ಕ್‌ಶಾಪ್, ಅಂಗಡಿಗಳು ಒಂದರ ಹೆಗಲ ಮೇಲೊಂದು ಹತ್ತಿ ಕೂತಿವೆ. ಏರು ತೀರಾ ಕಡಿದಾದ ಕಡೆ ಬೀದಿಗೇ ಲಿಫ್ಟು, ಎಸ್ಕಲೇಟರು. ಜಿಟಿಜಿಟಿ ಮಳೆಯಲ್ಲಿ ಹಾಗೆ ಹತ್ತುತ್ತ ಹೋದಾಗ ಇಪುರುವಾ ಮೈದಾನ ಕಂಡಿತು. ಸುತ್ತ ಎತ್ತರದ ವಸತಿ ಕಟ್ಟಡಗಳು, ಬಾಲ್ಕನಿಗಳಲ್ಲಿ ಒಣಹಾಕಿದ ಬಟ್ಟೆ, ಅದರ ಸಂದಿಯಿಂದ ಇಣುಕುವ ತಲೆಗಳು. ಟಿಕೆಟ್ಟಿಲ್ಲದೆ ಪಂದ್ಯ ನೋಡುವ ಭಾಗ್ಯವಂತರು.

ಚರಿತ್ರೆ ಚುಟುಕಾಗಿ ಹೀಗೆ: ಬಂದೂಕು ಮಾಡಿ ಬದುಕಿದ ಊರು. ಊರಿನ ಫುಟ್‌ಬಾಲ್ ಕ್ಲಬ್ಬಿನ ಆಟಗಾರರನ್ನು ಇವತ್ತಿಗೂ ‘ಆರ್ಮೇರೊಸ್’, ಅಂದರೆ ಬಂದೂಕು ಕಮ್ಮಾರರು ಅಂತಲೇ ಕರೆಯುತ್ತಾರೆ. 1931ರ ಏಪ್ರಿಲ್ 14ರ ಬೆಳಗ್ಗೆ ಸ್ಪೇನಿನಲ್ಲಿ ಎಲ್ಲರಿಗಿಂತ ಮೊದಲು ಗಣರಾಜ್ಯದ ಬಾವುಟ ಏರಿಸಿದ ಊರು. 1937ರಲ್ಲಿ, ಅಂತರ್ಯುದ್ಧದಲ್ಲಿ, ಬಾಂಬಿಗೆ ಕುಸಿದ ಊರು. ಕ್ಲಬ್ ಹುಟ್ಟಿದ್ದು 1940ರಲ್ಲಿ, ಮೈದಾನ 1947ರಲ್ಲಿ. ಮುಂದೆ ದೊಡ್ಡ ಹೆಸರು ಮಾಡಿದ ಕ್ಸಾಬಿ ಅಲೊನ್ಸೊ, ಡೇವಿಡ್ ಸಿಲ್ವಾ ಹುಡುಗರಾಗಿದ್ದಾಗ ಬೇರೆ ಕ್ಲಬ್‌ಗಳಿಂದ ಸಾಲವಾಗಿ ಬಂದು ಇಲ್ಲಿ ಆಡಿದ್ದರು.

ಮೈದಾನದ ಹತ್ತಿರದ ಬಾರಿನಲ್ಲಿ ಸಿಕ್ಕಿದ ಅಜ್ಜ ಹೊಲಿಗೆ ಯಂತ್ರದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಬಿಲ್ಬಾವೊದಿಂದ ಜೊತೆಗೆ ಬಂದ ಗೆಳೆಯ ಅವರ ಮಾತನ್ನು ಇಂಗ್ಲಿಷಿಗೆ ತಿರುಗಿಸುತ್ತಿದ್ದ. ಅವರು ಆಡಿದ ಮೂರು ಮಾತಿಗೆ ನನಗೊಂದು ದಕ್ಕುತ್ತಿತ್ತು. “ಬಂದೂಕಿನ ನಳಿಗೆ ಕೊರೆಯಲು ಬಂದವನಿಗೆ ಸೈಕಲ್ಲಿನ ಕೊಳವೆ ಯಾವ ಲೆಕ್ಕ?” ಅಂದರು. ಸರಿಯೇ. ಬಿಎಚ್, ಓರ್ಬೆಯಾ ಸೈಕಲ್ಲುಗಳ ಮೂಲ ಇಲ್ಲಿನ ಬಂದೂಕು ಕಾರ್ಖಾನೆಗಳೇ. 1920ರಲ್ಲಿ ಕಾರ್ಮಿಕರು ಸೇರಿ ಬಂದೂಕಿಗೆಂದು ಕಟ್ಟಿದ ಆಲ್ಫಾ ಸಹಕಾರಿ, ಮುಂದೆ ಹೊಲಿಗೆ ಯಂತ್ರ ಮಾಡಿತು.

ಅಜ್ಜನ ಮಾತು ಫುಟ್‌ಬಾಲಿಗೆ ಬರುವ ಲಕ್ಷಣವೇ ಇರಲಿಲ್ಲ. ಅವರ ತಾತ ಬಂದೂಕಿಗೆ ಚಿನ್ನದ ಕುಸುರಿ ಕೂರಿಸುತ್ತಿದ್ದರಂತೆ. ಉಕ್ಕಿನ ಮೈಯನ್ನು ಸಣ್ಣ ಸಣ್ಣ ಗೆರೆಗಳಿಂದ ತರಿ ಮಾಡಿ, ಚಿನ್ನದ ಎಳೆಯನ್ನಿಟ್ಟು ಬಡಿದು ಕಚ್ಚಿಸಿ, ಆಮೇಲೆ ಉಕ್ಕನ್ನು ಕಪ್ಪಾಗಿಸುವುದು. ಹತ್ತೊಂಬತ್ತನೇ ಶತಮಾನದಲ್ಲಿ ಪ್ಲಾಸಿಡೊ ಸುಲೊವಾಗಾ ಈ ಕೆಲಸವನ್ನು ಬಂದೂಕಿನಿಂದ ಹೂದಾನಿ, ಪೆಟ್ಟಿಗೆಗಳಿಗೆ ದಾಟಿಸಿದ. ಕೇಳುತ್ತ ಕೇಳುತ್ತ ನನಗೆ ಬೀದರಿನ ಓಣಿಯ ಟಕಟಕ ನೆನಪಾಗಿ, ಬಿದರಿಯ ವಿಷಯ ಹೇಳಿದೆ: ಸತುವಿನ ಪಾತ್ರೆಯ ಮೇಲೆ ಬೆಳ್ಳಿ, ಕಪ್ಪೇರಿಸಲು ಕೋಟೆಯ ಮಣ್ಣು. ಅಜ್ಜ “ಮಣ್ಣೇ?” ಎಂದು ಎರಡು ಸಲ ಕೇಳಿದರು. ಇಲ್ಲಿ ಈ ಕುಸುರಿ ನೋಡಬೇಕೆಂದರೆ ಈಗ ಮ್ಯೂಸಿಯಮ್ಮಿಗೇ ಹೋಗಿ ಅಂದರು.

ಕೊನೆಗೂ ಫುಟ್‌ಬಾಲು. 2013, 2014, ಎರಡು ವರ್ಷದಲ್ಲಿ ಎರಡು ಮೆಟ್ಟಿಲು ಹತ್ತಿ ಕ್ಲಬ್ಬು ಮೊಟ್ಟಮೊದಲ ಬಾರಿಗೆ ದೇಶದ ಮೊದಲ ದರ್ಜೆಯಾದ ಲಾ ಲಿಗಾ ತಲುಪಿತು. ಸಾಲವಿಲ್ಲ, ಬಾಕಿಯಿಲ್ಲ. ಆದರೆ 1999ರ ಸರ್ಕಾರಿ ನಿಯಮವೊಂದಿತ್ತು: ಕ್ಲಬ್ಬಿನ ಷೇರು ಬಂಡವಾಳ ಎರಡನೇ ಡಿವಿಷನ್ನಿನ ಸರಾಸರಿ ಖರ್ಚಿನ ಕಾಲು ಭಾಗವಾದರೂ ಇರಬೇಕು. 17 ಲಕ್ಷ ಯೂರೊ ಚಿಲ್ಲರೆ ಕೂಡಿಸಿ, ಇಲ್ಲವೇ ಮೂರನೇ ದರ್ಜೆಗೆ ಇಳಿಯಿರಿ! ಸಾಲ ಮಾಡದವನಿಗೇ ದಂಡ. ಕ್ಲಬ್ಬು ಷೇರು ಮಾರಲು ಕೂತಿತು. ದೇಶವಿದೇಶದ ಸುಮಾರು 10 ಸಾವಿರ ಜನ ಕೊಂಡರು. ಗಡುವಿಗೆ ಮೊದಲೇ ಹಣ ಕೂಡಿತು. ಆಗಸ್ಟ್ 24ರ ಮೊದಲ ಪಂದ್ಯದಲ್ಲೇ ದೊಡ್ಡಣ್ಣನಂಥ ರಿಯಲ್ ಸೊಸಿಯೆದಾದ್ 1-0ಯಿಂದ ಸೋತಿತು. ಸೀಸನ್ನಿನ ಕೊನೆಗೆ ಎಯ್ಬಾರ್ 18ನೇ ಸ್ಥಾನಕ್ಕೆ ಜಾರಿತ್ತು, ಲೆಕ್ಕಕ್ಕೆ ಇಳಿಯಲೇಬೇಕಿತ್ತು. ಆದರೆ ಮೇಲಿದ್ದ ಎಲ್ಚೆ ಸಾಲದ ದೆಸೆಯಿಂದ ಕೆಳಗೆ ಬಿತ್ತು, ಎಯ್ಬಾರ್ ಉಳಿಯಿತು. ಇದನ್ನು ಹೇಳುವಾಗ ಅಜ್ಜ ಮೇಜು ಕುಟ್ಟಿ ನಕ್ಕರು.

ಹಾಗೆ ಏಳು ಸೀಸನ್. 27 ಸಾವಿರ ಜನರ ಊರು, 8 ಸಾವಿರ ಸೀಟು. 2018ರ ನವೆಂಬರಿನಲ್ಲಿ ರಿಯಲ್ ಮ್ಯಾಡ್ರಿಡ್ ಇಲ್ಲಿ 3-0ಯಿಂದ ಮುಗ್ಗರಿಸಿತು. 2021ರಲ್ಲಿ ತಂಡ ಕೆಳಗಿಳಿಯಿತು. ಮರುವರ್ಷ ಸೀಸನ್ನಿನ ಕೊನೆಯ ದಿನ, ಕೆಳಗಿಳಿಯುವುದು ಆಗಲೇ ಖಚಿತವಾಗಿದ್ದ ಆಲ್ಕೊರ್ಕೊನ್ ಎದುರು ಸೋತು, ಮರಳುವ ನೇರ ದಾರಿ ತಪ್ಪಿತು. ಅದರ ಮಾತೆತ್ತಿದರೆ ಅಜ್ಜ ಬಿಯರ್ ಗ್ಲಾಸು ನೋಡುತ್ತಾರೆ. ಅವರ ತಕರಾರು ಬೇರೆಯದು: ವರ್ಕ್‌ಶಾಪುಗಳು ಸಮತಟ್ಟು ಜಾಗ ಹುಡುಕಿಕೊಂಡು ಊರು ಬಿಟ್ಟವು, ಹಿಂದೆಯೇ ಹುಡುಗರೂ ಹೋದರು. “ಶನಿವಾರ ಮಾತ್ರ ಬರ್ತಾರೆ, ಅದೂ ಪಂದ್ಯ ಇದ್ದರೆ. ಪಂದ್ಯ ಯಾವಾಗ ಅನ್ನೋದನ್ನ ಟೀವಿಯವರು ಹೇಳಬೇಕು.”

ಲಿಫ್ಟಿನವರೆಗೆ ಅಜ್ಜ ಕೊಡೆ ಹಿಡಿದು ಬಂದರು. ಬಾಗಿಲು ಮುಚ್ಚುವಾಗ ಏನೋ ಕೂಗಿದರು. ಕೆಳಗಿಳಿದ ಮೇಲೆ ಗೆಳೆಯ ತಿಳಿಸಿದ: “ಬೀದರಿನ ತಂಡ ಯಾವ ಡಿವಿಷನ್ನಿನಲ್ಲಿ ಆಡುತ್ತದೆ ಅಂತ ಕೇಳಿದರು.”