ಬ್ಯಾರನ್ ಕಾಯಲು ಒಂದು ಕೋರ್

ಆಗಸ್ಟ್ ಹೊತ್ತಿಗೆ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಹೋದವರಿಗೆ ಹೊಗೆಸೊಪ್ಪು ಬೇಯುವ ವಾಸನೆ ಹೊಸದಲ್ಲ. ಕೆ.ಆರ್. ನಗರದಲ್ಲೂ ಗದ್ದೆಬಯಲು ಬಿಟ್ಟು ಮಳೆಯಾಶ್ರಿತ ಹೊಲಗಳ ಕಡೆ ಹೋದರೆ ಸೊಪ್ಪು ಬೇಯಿಸುವ ಬ್ಯಾರನ್‌ಗಳು ಕಾಣುತ್ತವೆ. ಕೋಲಿಗೆ ಕಟ್ಟಿದ ಸೊಪ್ಪನ್ನು ಒಳಗೆ ಸಾಲಾಗಿ ಇಳಿಬಿಟ್ಟು, ಕೆಳಗೆ ಹಾಯುವ ತಗಡಿನ ಕೊಳವೆಗಳನ್ನು ಸೌದೆಯ ಉರಿಯಿಂದ ಕಾಯಿಸುತ್ತಾರೆ. ಮೊದಲು 35–38 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಲೆ ಹಳದಿಗೆ ತಿರುಗಬೇಕು. ಆಮೇಲೆ ಶಾಖವನ್ನು ಹಂತಹಂತವಾಗಿ ಏರಿಸಿ, ದಂಟು ಒಣಗುವಾಗ 70ರ ಆಸುಪಾಸಿಗೆ ತರಬೇಕು. ಐದಾರು ದಿನದ ಕೆಲಸ, ರಾತ್ರಿ ನಿದ್ದೆಗೆಡಲೇಬೇಕು. ಹಳದಿಯಾಗುವ ಮೊದಲೇ ಶಾಖ ಏರಿದರೆ ಎಲೆಯಲ್ಲಿ ಹಸಿರು ಉಳಿಯುತ್ತದೆ, ಹರಾಜಿನಲ್ಲಿ ದರ ಬೀಳುತ್ತದೆ.

ಈ ಕಾವಲಿಗೆ ರಾಸ್ಪ್‌ಬೆರಿ ಪೈ 4ರಂಥ ಅಂಗೈಯಗಲದ ಕಂಪ್ಯೂಟರನ್ನು ಕೂರಿಸಿದರೆ ಹೇಗೆ? ಶಾಖ ಅಳೆದು ಗಾಳಿಕಿಂಡಿ ತೆರೆದು ಮುಚ್ಚುವುದು ಒಂದು ಕೆಲಸ. ಕ್ಯಾಮೆರಾದಲ್ಲಿ ಎಲೆಯ ಬಣ್ಣ ನೋಡಿ ಮೊಬೈಲಿಗೆ ಸುದ್ದಿ ಕಳಿಸುವುದು ಇನ್ನೊಂದು. ಎರಡನ್ನೂ ಅದರಲ್ಲಿ ಓಡುವ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ ಮಾಡಬಲ್ಲದು. ಆದರೆ ಚಿತ್ರ ಸಂಸ್ಕರಿಸುವ ಪ್ರೋಗ್ರಾಂ ಮೆಮೊರಿಯನ್ನೆಲ್ಲ ನುಂಗಿ ಲಿನಕ್ಸ್ ನಡುರಾತ್ರಿ ಹ್ಯಾಂಗ್ ಆದರೆ ಕಿಂಡಿಯನ್ನು ಯಾರು ನೋಡಿಕೊಳ್ಳಬೇಕು?

ಇಂಥ ಕಡೆ ಬಳಕೆಗೆ ಬರುವುದು ವಿಭಜಕ ಹೈಪರ್‌ವೈಸರ್. ಸಾಮಾನ್ಯ ಹೈಪರ್‌ವೈಸರ್ ಒಂದೇ ಪ್ರೊಸೆಸರನ್ನು ಹಲವು ಕಾರ್ಯಾಚರಣಾ ವ್ಯವಸ್ಥೆಗಳಿಗೆ ಸರದಿಯ ಮೇಲೆ ಕೊಡುತ್ತದೆ. ವಿಭಜಕ ಹೈಪರ್‌ವೈಸರ್ ಸರದಿಯ ಗೊಡವೆಗೇ ಹೋಗುವುದಿಲ್ಲ. ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಂಡು ಬದು ಹಾಕಿದಂತೆ, ಈ ಕೋರ್, ಇಷ್ಟು ಮೆಮೊರಿ ನಿನ್ನದು, ಉಳಿದದ್ದು ಅವನದು ಎಂದು ಹಂಚಿ ಸುಮ್ಮನಾಗುತ್ತದೆ. ಕೋರ್ ಯಾವ ವಿಳಾಸ ಕೇಳಿದರೂ ಚಿಪ್‌ನಲ್ಲೇ ಇರುವ ಎರಡನೇ ಹಂತದ ತಪಾಸಣೆ ಅದನ್ನು ನೋಡಿಯೇ ಬಿಡುತ್ತದೆ.

ಒಂದೇ ಯಂತ್ರದಲ್ಲಿ ಕೆಲಸಗಳನ್ನು ಬೇರೆ ಬೇರೆ ಯಂತ್ರಗಳಲ್ಲಿದ್ದಂತೆ ದೂರ ಇಡಬೇಕೆಂಬ ವಿಚಾರವನ್ನು ಜಾನ್ ರಶ್ಬಿ 1981ರಲ್ಲೇ ಮಂಡಿಸಿದ್ದರು. ಸೀಮೆನ್ಸ್ ಕಂಪನಿಯ ಯಾನ್ ಕಿಸ್ಕಾ ಬರೆದ ‘ಜೈಲ್‌ಹೌಸ್’ ಎಂಬ ವಿಭಜಕ ಹೈಪರ್‌ವೈಸರ್ 2013ರಲ್ಲಿ ಮುಕ್ತ ತಂತ್ರಾಂಶವಾಗಿ ಹೊರಬಂತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ತನ್ನ ಕೆಲವು ಸಿತಾರಾ ಚಿಪ್‌ಗಳ ತಂತ್ರಾಂಶದ ಜೊತೆ ಇದನ್ನು ಕೊಟ್ಟಿದೆ.

ಜೈಲ್‌ಹೌಸ್ ಕೂರಿಸುವಾಗ ಮೊದಲು ಏಳುವುದು ಲಿನಕ್ಸೇ. ಬೂಟ್ ಆಗುವಾಗಲೇ ಒಂದಿಷ್ಟು ಮೆಮೊರಿ ಮುಟ್ಟಬೇಡವೆಂದು ಅದಕ್ಕೆ ಹೇಳಿಡಬೇಕು. ಆಮೇಲೆ ‘ಜೈಲ್‌ಹೌಸ್ ಎನೇಬಲ್’ ಎಂದರೆ, ಓಡುತ್ತಿರುವ ಲಿನಕ್ಸಿನ ಕೆಳಗೆ ಹೈಪರ್‌ವೈಸರ್ ನುಸುಳುತ್ತದೆ. ‘ಸೆಲ್ ಕ್ರಿಯೇಟ್’ ಎಂದಾಗ ಒಂದು ಕೋರ್ ಲಿನಕ್ಸಿನ ಕೈತಪ್ಪುತ್ತದೆ. ಎಷ್ಟು ಕೋರ್ ಇವೆ ಎಂದು ಈಗ ಕೇಳಿದರೆ, ನಾಲ್ಕು ಎನ್ನುತ್ತಿದ್ದ ಲಿನಕ್ಸ್ ಮೂರು ಎನ್ನುತ್ತದೆ.

ಕಷ್ಟವೆಲ್ಲ ಪಾಲುಪಟ್ಟಿಯಲ್ಲಿದೆ. ಯಾವ ವಿಳಾಸದಿಂದ ಎಲ್ಲಿಯವರೆಗೆ, ಯಾವ ಸಾಧನ, ಯಾವ ಇಂಟರಪ್ಟ್ ಎಂದು ಸಿ ಭಾಷೆಯ ಕಡತದಲ್ಲಿ ಕೈಯಾರೆ ಬರೆಯಬೇಕು. ಒಂದು ವಿಳಾಸ ಬಿಟ್ಟುಹೋದರೂ ಅದನ್ನು ಮುಟ್ಟಿದ ಕೋರ್ ಅಲ್ಲೇ ನಿಲ್ಲುತ್ತದೆ. ‘ಪಾರ್ಕಿಂಗ್ ಸಿಪಿಯು’ ಎಂಬ ಸಾಲು ಸೀರಿಯಲ್ ಕೇಬಲಿನಲ್ಲಿ ಬಂದು ಬೀಳುತ್ತದೆ. ಪೈ 4ರಲ್ಲಿ ಹೊರಗಿನ ಸಾಧನಗಳನ್ನು ಜೋಡಿಸುವ ಜಿಪಿಐಒ ಪಿನ್ನುಗಳ ನಿಯಂತ್ರಣವೆಲ್ಲ ಒಂದೇ ರಿಜಿಸ್ಟರ್ ಗುಂಪಿನಲ್ಲಿರುವುದರಿಂದ, ಎರಡು ಪಿನ್ ನಿನಗೆ, ಎರಡು ನನಗೆ ಎಂಬ ಹಂಚಿಕೆಯೂ ಸುಲಭವಲ್ಲ.

ಅಷ್ಟಾದರೂ ಪಾಲು ಪೂರ್ತಿಯಾಗದು. ಬದು ಬಿದ್ದರೂ ಬಾವಿ ಒಂದೇ ಎಂಬ ಸ್ಥಿತಿ. ನಾಲ್ಕೂ ಕೋರ್‌ಗಳಿಗೆ ಎರಡನೇ ಹಂತದ ಕ್ಯಾಶ್ ಒಂದೇ, ಮೆಮೊರಿಯ ದಾರಿಯೂ ಒಂದೇ. ಒಬ್ಬ ಬಿಡದೆ ಸೇದಿದರೆ ಇನ್ನೊಬ್ಬ ಕಾಯಬೇಕು. ಜೊತೆಗೆ ಯುಎಸ್‌ಬಿ, ನೆಟ್‌ವರ್ಕ್ ಭಾಗಗಳು ಪ್ರೊಸೆಸರನ್ನು ಕೇಳದೆ ಮೆಮೊರಿಗೆ ನೇರವಾಗಿ ಬರೆಯಬಲ್ಲವು. ಅವನ್ನು ತಡೆಯುವ ಐಒಎಂಎಂಯು ಎಂಬ ಘಟಕ ಇಡೀ ಪೈ 4 ಬೋರ್ಡಿಗೆ ಅನ್ವಯಿಸುವಂತೆ ಇಲ್ಲ. ಲಿನಕ್ಸಿನ ಡ್ರೈವರ್ ಕೆಟ್ಟರೆ ಬದು ಹಾರಿಬಿಡಬಹುದು.

ನಮ್ಮ ಹಳ್ಳಿಗಳಿಗೆ ಇದಕ್ಕಿಂತ ದೊಡ್ಡ ತೊಡಕು ಕರೆಂಟು. ಓಡುತ್ತಿರುವಾಗ ಲಿನಕ್ಸ್ ಕುಸಿದರೂ ಕಿಂಡಿಯ ಕೋರ್ ತನ್ನ ಕೆಲಸ ಮುಂದುವರಿಸಬಹುದು, ನಿಜ. ಆದರೆ ಕರೆಂಟ್ ಹೋಗಿ ಬಂದಾಗ ಮತ್ತೆ ಲಿನಕ್ಸ್ ಎದ್ದೇ ಜೈಲ್‌ಹೌಸನ್ನು ಎಬ್ಬಿಸಬೇಕು. ಅಷ್ಟರಲ್ಲಿ ಎಸ್‌ಡಿ ಕಾರ್ಡ್ ಕೆಟ್ಟಿದ್ದರೆ ಎರಡೂ ಏಳುವುದಿಲ್ಲ. ಪೋರ್ಚುಗಲ್‌ನ ಮಿನ್ಯೊ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ‘ಬಾವೊ’ ಹೈಪರ್‌ವೈಸರ್ ಈ ವಿಷಯದಲ್ಲಿ ವಾಸಿ: ಲಿನಕ್ಸಿಗೆ ಕಾಯದೆ ಬೂಟ್‌ಲೋಡರಿನಿಂದಲೇ ಏಳುತ್ತದೆ, ಕ್ಯಾಶನ್ನೂ ಹಂಚಬಲ್ಲದು. ನಾನಾದರೆ ಅದನ್ನೇ ಆರಿಸುತ್ತೇನೆ.

ಬರೀ ಕಿಂಡಿ ತೆರೆದು ಮುಚ್ಚುವುದಾದರೆ ಇಷ್ಟೆಲ್ಲ ಬೇಡ. ಕೆಲವು ನೂರು ರೂಪಾಯಿಯ ಮೈಕ್ರೋಕಂಟ್ರೋಲರ್ ಧಾರಾಳವಾಯಿತು. ಕ್ಯಾಮೆರಾ, ಲೆಕ್ಕಾಚಾರ, ನಿಯಂತ್ರಣ ಮೂರೂ ಒಂದೇ ಬೋರ್ಡಿನಲ್ಲಿ ಬೇಕೆಂದಾಗ ಮಾತ್ರ ಈ ವಿದ್ಯೆಗೆ ಬೆಲೆ. ಕಲಿಯುವ ಹುಮ್ಮಸ್ಸಿರುವ ವಿದ್ಯಾರ್ಥಿಗಳು ಹಳೆಯ ಪೈ 4ರಲ್ಲಿ ಮೊದಲು ಮನೆಯಲ್ಲೇ ಮಾಡಿನೋಡಿ, ಸೀರಿಯಲ್ ಕೇಬಲ್ ಇಲ್ಲದೆ ಮಾತ್ರ ಶುರುಮಾಡಬೇಡಿ. ಬ್ಯಾರನ್‌ಗೆ ಒಯ್ದಾಗಲೂ ಗೋಡೆಯ ಥರ್ಮಾಮೀಟರು, ಕೈಯಲ್ಲಿ ಎಳೆಯುವ ಕಿಂಡಿ ಇರುವಲ್ಲೇ ಇರಲಿ.